ಮನೆಯ ಸರ್ವರು ಮತ್ತು ಪರರ ಬರಹದ ಹೊಣೆ

ಒಂದು ಗ್ರಂಥವು ಎಲ್ಲಿದೆಯೆಂದು ಕೇಳಿದರೆ ಕಪಾಟಿನ ಕಡೆಗೆ ಕೈದೋರಿ ಹೇಳಬಹುದು. ಒಂದು ಜಾಲತಾಣವು ಎಲ್ಲಿದೆಯೆಂದು ಕೇಳಿದರೆ, ಅದನ್ನು ಪ್ರತಿನಿತ್ಯ ಓದುವವರು ಮಾತ್ರವಲ್ಲ, ಎಷ್ಟೋ ವೇಳೆ ಅದರ ಒಡೆಯರೂ ಉತ್ತರ ಹೇಳಲಾರರು. ಗಣಕಯಂತ್ರದ ವ್ಯವಹಾರದಲ್ಲಿ ಮೋಡವೆಂಬ ಅರ್ಥದ ‘ಕ್ಲೌಡ್’ ಎಂಬ ಮಾತು ರೂಢಿಗೆ ಬಂದಂದಿನಿಂದ, ನಮ್ಮ ಬರಹಗಳೆಲ್ಲ ಆಕಾಶದಲ್ಲಿ ಎಲ್ಲಿಯೋ ತೇಲುತ್ತಿವೆಯೆಂಬ ಭಾವನೆ ಬಲಿತಿದೆ. ವಸ್ತುಸ್ಥಿತಿ ಹಾಗಿಲ್ಲ. ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿ ಹಗಲಿರುಳು ಉರಿಯುವ ಒಂದು ಯಂತ್ರವಿದೆ. ಆ ಯಂತ್ರದೊಳಗಿನ ಡಿಸ್ಕಿನಲ್ಲಿ ಆ ಬರಹವಿದೆ. ಯಂತ್ರ ನಿಂತರೆ ಬರಹ ಕಾಣದು. ಡಿಸ್ಕು ಕೆಟ್ಟು, ಬೇರೆಡೆ ಪ್ರತಿಯಿಲ್ಲದಿದ್ದರೆ, ಬರಹವೇ ಇಲ್ಲ.

ಹೀಗೆ ಯಂತ್ರವನ್ನಿಟ್ಟು ಪರರ ಬರಹಕ್ಕೆ ಸ್ಥಳ ಕೊಡುವ ಕಾರ್ಯಕ್ಕೆ ‘ಹೋಸ್ಟಿಂಗ್’ ಎಂದು ಹೆಸರು. ಇದನ್ನು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳೇ ನಡೆಸುತ್ತವೆ. ಆದರೂ ತಮ್ಮ ಮನೆಯ ಒಂದು ಕೋಣೆಯಲ್ಲಿ ನಾಲ್ಕಾರು ಯಂತ್ರಗಳ ರ‍್ಯಾಕನ್ನು ನಿಲ್ಲಿಸಿ, ಸ್ನೇಹಿತರ, ಶಾಲೆಗಳ, ಸಣ್ಣ ಪ್ರಕಾಶನಗಳ ಜಾಲತಾಣಗಳಿಗೆ ಸ್ಥಳ ಕೊಟ್ಟವರು ಲೋಕದಲ್ಲಿ ಅನೇಕರಿದ್ದಾರೆ. ಅದು ನಡೆಯುವ ಬಗೆ ಹೇಗೆ, ಅದರ ಬಲಾಬಲಗಳೇನು, ಅದರಲ್ಲಿ ಅಡಗಿರುವ ಹೊಣೆ ಎಂಥದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಶಬ್ದಾರ್ಥ

ಮೊದಲು ಶಬ್ದಗಳನ್ನು ನೋಡೋಣ. ‘ಸರ್ವರ್’ ಎಂದರೆ ಸೇವೆ ಮಾಡುವುದು ಎಂದರ್ಥ. ಓದುಗನ ಯಂತ್ರವು ಒಂದು ಪುಟವನ್ನು ಬೇಡುತ್ತದೆ; ಸರ್ವರು ಅದನ್ನು ತೆಗೆದು ಕೊಡುತ್ತದೆ; ಬೇಡಿಕೆ ಬರುವ ತನಕ ಕಾದಿರುತ್ತದೆ. ಸರ್ವರಿಗೂ ನಮ್ಮ ಮೇಜಿನ ಮೇಲಿನ ಗಣಕಕ್ಕೂ ಜಾತಿಭೇದವಿಲ್ಲ. ಕಾದಿರುವುದೊಂದೇ ಅದರ ವಿಶೇಷ. ‘ಹೋಸ್ಟ್’ ಎಂಬ ಶಬ್ದವಾದರೋ ಲ್ಯಾಟಿನ್ ಭಾಷೆಯ ‘ಹೋಸ್ಪೆಸ್’ ಎಂಬುದರಿಂದ ಬಂದಿದೆ. ಆ ಭಾಷೆಯಲ್ಲಿ ಅತಿಥಿಗೂ ಆತಿಥೇಯನಿಗೂ ಆ ಒಂದೇ ಶಬ್ದವು ಸಲ್ಲುತ್ತಿತ್ತು. ಬಂದವನ ಕ್ಷೇಮವೂ ಇರಿಸಿಕೊಂಡವನ ಮಾನವೂ ಒಂದೇ ಶಬ್ದದಲ್ಲಿ ಕೂಡಿಕೊಂಡಿವೆ ಎಂಬುದು ಸಾಹಿತ್ಯಾಭ್ಯಾಸಿಗಳಿಗೆ ರುಚಿಸುವ ಸಂಗತಿ. ಮುಂದಿನ ವಿವೇಚನೆಗೆಲ್ಲ ಇದೇ ಬೀಜವೆಂದು ಭಾವಿಸಬಹುದು.

೨. ಪೂರ್ವವೃತ್ತಾಂತ

ಮನೆಯಿಂದ ಇಂಥ ಸೇವೆ ನಡೆಸುವುದು ಹೊಸದೇನೂ ಅಲ್ಲ. ೧೯೭೮ರ ಜನವರಿಯಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಭಾರಿ ಹಿಮ ಸುರಿದು ಜನರು ಮನೆಬಿಟ್ಟು ಹೊರಡದಂತಾಯಿತು. ಆ ದಿನಗಳಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಹವ್ಯಾಸಿಗಳು, ದೂರವಾಣಿಯ ಮೂಲಕ ಯಾರು ಬೇಕಾದರೂ ಬರಹವನ್ನಿಟ್ಟು ಹೋಗಬಹುದಾದ, ಇತರರು ಇಟ್ಟುದನ್ನು ಓದಬಹುದಾದ ಒಂದು ವ್ಯವಸ್ಥೆಯನ್ನು ಕಲ್ಪಿಸಿದರು. ಅದು ೧೯೭೮ರ ಫೆಬ್ರವರಿ ೧೬ರಂದು ಬಳಕೆಗೆ ಬಂದಿತು. ಯಂತ್ರವಿದ್ದುದು ಸೂಸ್ ಅವರ ಮನೆಯಲ್ಲಿ. ನಗರದೊಳಗಿನ ಮನೆಯಾದುದರಿಂದ ಕರೆ ಮಾಡುವವರಿಗೆ ದೂರದ ಕರೆಯ ಖರ್ಚು ಬೀಳುತ್ತಿರಲಿಲ್ಲ. ಇದ್ದುದು ಒಂದೇ ದೂರವಾಣಿಯ ತಂತಿ. ಆದಕಾರಣ ಒಂದು ಹೊತ್ತಿಗೆ ಒಬ್ಬನೇ ಓದುಗ. ಆತ ಹೊರಟ ಮೇಲೆ ಮತ್ತೊಬ್ಬನ ಸರದಿ.

ಇಂದಿನ ಜಾಲತಾಣಗಳ ಮೂಲವು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದೆ. ಅಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೯೦ರ ಕೊನೆಯಲ್ಲಿ ಪ್ರಪಂಚದ ಮೊದಲ ವೆಬ್ ಸರ್ವರನ್ನು ನಡೆಸಿದರು. ಅದು ಬೃಹತ್ ಯಂತ್ರವಾಗಿರಲಿಲ್ಲ. ಮೇಜಿನ ಬಳಿಯಿಡುವ ‘ನೆಕ್ಸ್ಟ್’ ಎಂಬ ಗಣಕ. ಅದರ ಮೇಲೆ ಕೆಂಪು ಶಾಯಿಯಲ್ಲಿ ಕೈಬರಹದ ಚೀಟಿಯೊಂದನ್ನು ಅಂಟಿಸಿದ್ದರು: ಈ ಯಂತ್ರವು ಸರ್ವರು, ಇದನ್ನು ಆರಿಸಬಾರದು ಎಂಬುದು ಅದರ ತಾತ್ಪರ್ಯ. ಈ ಚೀಟಿ ಚರಿತ್ರೆಯಲ್ಲಿ ಉಳಿದುಕೊಂಡಿದೆ. ಕೋಣೆಯೊಳಕ್ಕೆ ಬಂದವನು ಅರಿಯದೆ ಗುಂಡಿಯೊತ್ತಿದರೆ ಅಂದಿನ ಇಡೀ ಜಾಲವೇ ನಿಲ್ಲುತ್ತಿತ್ತು. ಮನೆಯ ಸರ್ವರಿನ ಮುಖ್ಯ ಸಮಸ್ಯೆಯನ್ನು ಆ ಒಂದು ಚೀಟಿಯೇ ಹೇಳಿದೆಯೆಂದರೆ ತಪ್ಪಾಗದು.

೩. ರ‍್ಯಾಕು ಮತ್ತು ಯಂತ್ರಗಳು

ರ‍್ಯಾಕೆಂಬುದು ಕಬ್ಬಿಣದ ಚೌಕಟ್ಟು. ಅದರ ಮುಂಭಾಗದ ಅಗಲ ೧೯ ಅಂಗುಲವೆಂದು ನಿಗದಿಯಾಗಿದೆ. ಈ ಅಳತೆ ಗಣಕಯುಗಕ್ಕಿಂತ ಹಿಂದಿನದು. ದೂರವಾಣಿ ವಿನಿಮಯ ಕೇಂದ್ರಗಳಿಂದ ಬಂದುದು. ಎತ್ತರವನ್ನು ‘ಯು’ ಎಂಬ ಮಾನದಿಂದ ಎಣಿಸುತ್ತಾರೆ. ಒಂದು ಯು ಎಂದರೆ ೧.೭೫ ಅಂಗುಲ. ಮನೆಗಳಲ್ಲಿ ಬಳಸುವ ೧೨ ಯು ರ‍್ಯಾಕಿನಲ್ಲಿ ಯಂತ್ರಗಳಿಗೆ ದೊರೆಯುವ ಎತ್ತರ ೨೧ ಅಂಗುಲ. ಅದರಲ್ಲಿ ಒಂದೆರಡು ಸರ್ವರುಗಳು, ತಂತಿಗಳನ್ನು ಕೂಡಿಸುವ ಸ್ವಿಚ್ಚು, ಹೊರಜಾಲಕ್ಕೆ ದಾರಿ ತೋರುವ ರೌಟರು, ಎಲ್ಲಕ್ಕೂ ಕೆಳಗೆ ಭಾರವಾದ ಯು.ಪಿ.ಎಸ್. ಇರುತ್ತವೆ.

ಕಚೇರಿಗಳು ತೆಗೆದುಹಾಕಿದ ಹಳೆಯ ಸರ್ವರುಗಳು ಅಗ್ಗಕ್ಕೆ ದೊರೆಯುತ್ತವೆಂದು ಕೊಂಡವರು ಮೊದಲ ರಾತ್ರಿಯೇ ಪಶ್ಚಾತ್ತಾಪ ಪಡುವುದುಂಟು. ಒಂದು ಯು ಎತ್ತರದ ಪೆಟ್ಟಿಗೆಯೊಳಗೆ ೪೦ ಮಿಲಿಮೀಟರಿಗಿಂತ ದೊಡ್ಡ ಫ್ಯಾನು ನಿಲ್ಲದು. ಅಷ್ಟು ಸಣ್ಣ ಫ್ಯಾನು ಸಾಕಷ್ಟು ಗಾಳಿ ನೂಕಬೇಕಾದರೆ ಅತಿವೇಗದಿಂದ ತಿರುಗಬೇಕು. ಆ ಕೂಗು ಮನೆಯವರ ನಿದ್ರೆಯನ್ನು ಕೆಡಿಸುತ್ತದೆ. ಆದುದರಿಂದ ಅನುಭವವುಳ್ಳವರು ನಾಲ್ಕು ಯು ಎತ್ತರದ ಪೆಟ್ಟಿಗೆಯನ್ನೋ, ಸದ್ದು ಮಾಡದ ಸಣ್ಣ ಗಣಕಗಳನ್ನೋ ಆರಿಸಿಕೊಳ್ಳುತ್ತಾರೆ.

ಒಂದೇ ಯಂತ್ರದಲ್ಲಿ ಹಲವರ ಜಾಲತಾಣಗಳನ್ನಿಡುವಾಗ ಒಬ್ಬರ ತಪ್ಪು ಇನ್ನೊಬ್ಬರನ್ನು ತಟ್ಟಬಾರದು. ಅದಕ್ಕಾಗಿ ಯಂತ್ರದೊಳಗೆ ಕೃತಕ ಯಂತ್ರಗಳನ್ನು ನಿರ್ಮಿಸುವ ತಂತ್ರವಿದೆ. ವಠಾರವೊಂದರಲ್ಲಿ ಒಂದೇ ಸೂರಿನಡಿ ಹಲವು ಸಂಸಾರಗಳು ಬೇರೆಬೇರೆ ಬೀಗ ಹಾಕಿಕೊಂಡು ಬಾಳುವಂತೆ, ಪ್ರತಿಯೊಂದು ತಾಣವೂ ತನ್ನದೇ ಕೋಣೆಯಲ್ಲಿರುತ್ತದೆ. ಲಿನಕ್ಸ್ ತಂತ್ರಾಂಶದ ತಿರುಳಿನಲ್ಲಿಯೇ ೨೦೦೭ರಿಂದ ಈ ಸೌಕರ್ಯ ಸೇರಿದೆ. ಅದಕ್ಕೆ ಬೆಲೆ ತೆರಬೇಕಾಗಿಲ್ಲ.

ಯಂತ್ರದ ಶಕ್ತಿ ಎಷ್ಟಿರಬೇಕು? ಇಪ್ಪತ್ತು ಸಣ್ಣ ಜಾಲತಾಣಗಳಿವೆಯೆಂದು ಕಲ್ಪಿಸೋಣ. ಒಂದೊಂದಕ್ಕೂ ದಿನಕ್ಕೆ ಐನೂರು ಮಂದಿ ಬಂದು ಮೂರು ಮೂರು ಪುಟಗಳನ್ನು ಓದಿದರೆ, ಒಂದು ಪುಟ ಎರಡು ಮೆಗಾಬೈಟು ಎಂದಿಟ್ಟುಕೊಂಡರೂ, ದಿನಕ್ಕೆ ೬೦ ಗಿಗಾಬೈಟು ಹೊರಹೋಗಬೇಕು. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಇದು ಸೆಕೆಂಡಿಗೆ ಆರು ಮೆಗಾಬಿಟ್ಟನ್ನೂ ಮುಟ್ಟುವುದಿಲ್ಲ. ೧೦೦ ಮೆಗಾಬಿಟ್ ವೇಗದ ಫೈಬರ್ ಸಂಪರ್ಕಕ್ಕೆ ಇದು ಭಾರವಲ್ಲ. ಹಳೆಯ ಗಣಕಕ್ಕೂ ಇದು ಆಯಾಸವಲ್ಲ. ಯಂತ್ರದ ಶಕ್ತಿ ಸಣ್ಣ ಸೇವೆಯ ಸಮಸ್ಯೆಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಸಮಸ್ಯೆ ಬೇರೆಡೆಯಲ್ಲಿದೆ.

೪. ವಿದ್ಯುತ್ತು

ಮೊದಲನೆಯದು ವಿದ್ಯುತ್ತು. ರ‍್ಯಾಕಿನ ಯಂತ್ರಗಳೆಲ್ಲ ಸೇರಿ ೧೫೦ ವ್ಯಾಟ್ ಬಳಸುತ್ತವೆಯೆಂದು ಇಟ್ಟುಕೊಂಡರೆ, ದಿನಕ್ಕೆ ೩.೬ ಯೂನಿಟ್, ತಿಂಗಳಿಗೆ ೧೦೮ ಯೂನಿಟ್, ವರ್ಷಕ್ಕೆ ೧,೩೧೪ ಯೂನಿಟ್ ಆಗುತ್ತದೆ. ಮನೆಯ ದೀಪ ಆರಿಸಿದಂತೆ ಇದನ್ನು ಆರಿಸುವಂತಿಲ್ಲವಾದುದರಿಂದ ಈ ಖರ್ಚಿಗೆ ರಜೆಯಿಲ್ಲ. ಹಣ ಪಡೆದು ನಡೆಸುವ ಸೇವೆಯಾದರೆ ವಿದ್ಯುತ್ತಿನ ದರವೇ ಬೇರೆಯಾಗಬಹುದು. ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಯಲ್ಲಿಯೇ ಉಳಿಯುತ್ತದೆಯೆಂಬುದನ್ನೂ ಮರೆಯಬಾರದು. ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಕಿಟಕಿಯಿಲ್ಲದ ಕೋಣೆ ಇದಕ್ಕೆ ತಕ್ಕುದಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೇವದ ಗೋಡೆಯ ಪಕ್ಕವೂ ತಕ್ಕುದಲ್ಲ.

ವಿದ್ಯುತ್ತು ಹೋದಾಗ ನಮ್ಮ ಮನೆಗಳಲ್ಲಿ ಇನ್ವರ್ಟರು ನೆರವಿಗೆ ಬರುತ್ತದೆ. ಆದರೆ ದೀಪಕ್ಕೆ ಸಾಕಾದುದು ಗಣಕಕ್ಕೆ ಸಾಲದು. ದೀಪವು ಕ್ಷಣಕಾಲ ಮಿಣುಕಿದರೆ ನಷ್ಟವಿಲ್ಲ. ಗಣಕದ ವಿದ್ಯುತ್ ಪೆಟ್ಟಿಗೆಯಾದರೋ ಸರಬರಾಜು ತಪ್ಪಿದ ಮೇಲೆ ಸುಮಾರು ಹದಿನಾರರಿಂದ ಇಪ್ಪತ್ತು ಮಿಲಿಸೆಕೆಂಡು ಮಾತ್ರ ತಾಳುತ್ತದೆ. ಅಂದರೆ ನಮ್ಮ ವಿದ್ಯುತ್ತಿನ ಒಂದು ಆವರ್ತದಷ್ಟು ಕಾಲ. ಅಷ್ಟರೊಳಗೆ ಬ್ಯಾಟರಿಯ ಆಸರೆ ಸಿಗದಿದ್ದರೆ, ಡಿಸ್ಕಿನಲ್ಲಿ ಅರ್ಧ ಬರೆದ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ಇದಕ್ಕಾಗಿ ಯು.ಪಿ.ಎಸ್. ಅವಶ್ಯಕ. ಬ್ಯಾಟರಿಯ ಲೆಕ್ಕವೂ ಕಾಗದದ ಮೇಲಿನಂತೆ ನಡೆಯುವುದಿಲ್ಲ. ೧೨ ವೋಲ್ಟಿನ ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೧,೨೦೦ ವ್ಯಾಟ್-ಗಂಟೆ ಇದೆ. ೧೫೦ ವ್ಯಾಟಿಗೆ ಎಂಟು ಗಂಟೆ ಬರಬೇಕು. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಷ್ಯ ಕುಂದುವುದರಿಂದ ಅರ್ಧವನ್ನೇ ನಂಬಬೇಕು. ಪರಿವರ್ತನೆಯ ನಷ್ಟವನ್ನೂ ಕಳೆದರೆ ಉಳಿಯುವುದು ಮೂರೂವರೆ ಗಂಟೆ. ಆ ಅವಧಿ ಮುಗಿಯುವ ಮೊದಲೇ ಯಂತ್ರವು ತಾನಾಗಿ ಕ್ರಮವಾಗಿ ಮಲಗುವಂತೆ ಏರ್ಪಡಿಸಬೇಕು.

ಮುಂಗಾರಿಗೆ ಮುಂಚಿನ ಗುಡುಗು ಸಿಡಿಲುಗಳ ಮಾತು ಬೇರೆ. ಭೂಸಂಪರ್ಕ ಸರಿಯಿಲ್ಲದ ಮನೆಯಲ್ಲಿ ಒಂದು ಸಿಡಿಲು ಇಡೀ ರ‍್ಯಾಕನ್ನು ಸುಡಬಲ್ಲದು. ತಾಮ್ರದ ದೂರವಾಣಿ ತಂತಿಯ ಮೂಲಕವೂ ಸಿಡಿಲಿನ ಹೊಡೆತ ಒಳಬರುತ್ತಿತ್ತು; ಗಾಜಿನೆಳೆಯ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದುದರಿಂದ ಆ ಒಂದು ಬಾಗಿಲು ಮುಚ್ಚಿದೆ. ವಿದ್ಯುತ್ತಿನ ಬಾಗಿಲು ಮಾತ್ರ ತೆರೆದೇ ಇದೆ.

೫. ವಿಳಾಸದ ಪ್ರಶ್ನೆ

ಎರಡನೆಯದು ವಿಳಾಸ. ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರವನ್ನೂ ಒಂದು ಸಂಖ್ಯೆಯಿಂದ ಗುರುತಿಸುತ್ತಾರೆ, ಅದೇ ಐ.ಪಿ. ವಿಳಾಸ. ಹಳೆಯ ಪದ್ಧತಿಯಲ್ಲಿ ಇಂಥ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು ೪೨೯ ಕೋಟಿ. ಹಂಚುವ ಅಂತರರಾಷ್ಟ್ರೀಯ ಕಣಜದಲ್ಲಿ ಉಳಿದ ಕೊನೆಯ ಕಂತುಗಳು ೨೦೧೧ರ ಫೆಬ್ರವರಿ ೩ರಂದು ತೀರಿದವು. ಅಂದಿನಿಂದ ಅನೇಕ ಸೇವಾದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ವಿದ್ಯಾರ್ಥಿನಿಲಯವೊಂದರ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಳಗಿನ ವಿದ್ಯಾರ್ಥಿ ಹೊರಗೆ ಕಾಗದ ಬರೆದರೆ, ಅದಕ್ಕೆ ಬಂದ ಉತ್ತರವನ್ನು ಕಾವಲುಗಾರನು ಗುರುತಿಟ್ಟು ಅವನಿಗೇ ತಲುಪಿಸುತ್ತಾನೆ. ಆದರೆ ಹೊರಗಿನವನು ತಾನಾಗಿ ಕಾಗದ ಬರೆದು ನಿಲಯದ ವಿಳಾಸವನ್ನಷ್ಟೇ ಹಾಕಿದರೆ ಅದು ಯಾವ ಕೋಣೆಗೆಂದು ಕಾವಲುಗಾರನಿಗೆ ತಿಳಿಯದು. ಸರ್ವರಿಗೆ ಬರುವ ಬೇಡಿಕೆಗಳೆಲ್ಲ ಈ ಎರಡನೆಯ ಬಗೆಯವು. ಆದುದರಿಂದ ಓದಲು ಏನೇನೂ ತೊಡಕಿಲ್ಲದ ಮನೆಯ ಸಂಪರ್ಕವು ಓದಿಸಲು ನಿರುಪಯುಕ್ತವಾಗಬಹುದು.

ಇದಕ್ಕೆ ಪರಿಹಾರಗಳು ಮೂರು. ಸೇವಾದಾರರಿಂದ ಬದಲಾಗದ ಪ್ರತ್ಯೇಕ ವಿಳಾಸವನ್ನು ಹಣ ಕೊಟ್ಟು ಪಡೆಯುವುದು ಒಂದು. ಹೇರಳ ವಿಳಾಸಗಳುಳ್ಳ ಆರನೆಯ ಆವೃತ್ತಿಯ ಪದ್ಧತಿಯನ್ನು ಬಳಸುವುದು ಎರಡನೆಯದು. ಆದರೆ ಹಳೆಯ ಪದ್ಧತಿಯಲ್ಲಿಯೇ ಇರುವ ಓದುಗರಿಗೆ ಅದು ಎಟುಕದು. ಹೊರಗೆ ಎಲ್ಲಿಯಾದರೂ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದು, ಅಲ್ಲಿಂದ ಮನೆಗೆ ಗುಪ್ತವಾದ ಸುರಂಗಮಾರ್ಗವನ್ನು ಕಲ್ಪಿಸುವುದು ಮೂರನೆಯದು. ೨೦೨೦ರಲ್ಲಿ ಲಿನಕ್ಸಿನ ತಿರುಳನ್ನು ಸೇರಿದ ‘ವೈರ್‌ಗಾರ್ಡ್’ ಎಂಬ ತಂತ್ರಾಂಶದಿಂದ ಇದು ಬಹಳ ಸುಲಭವಾಗಿದೆ. ಓದುಗನಿಗೆ ಕಾಣುವ ಬಾಗಿಲು ಹೊರಗಿನದು. ಮನೆಯೊಳಗಿನ ಯಂತ್ರದ ವಿಳಾಸ ಯಾರಿಗೂ ತಿಳಿಯದು. ಮನೆಯ ನೆಮ್ಮದಿಗೆ ಇದೇ ಉತ್ತಮ ಮಾರ್ಗ. ಏನೇ ಮಾಡಿದರೂ, ಮನೆಯ ಸಂಪರ್ಕದಿಂದ ಸರ್ವರು ನಡೆಸಲು ಸೇವಾದಾರರ ಕರಾರಿನಲ್ಲಿ ಅನುಮತಿಯಿದೆಯೇ ಎಂಬುದನ್ನು ಮೊದಲು ಓದಿಕೊಳ್ಳಬೇಕು.

ಒಂದು ಎಚ್ಚರಿಕೆ. ಜಾಲತಾಣಗಳಿಗೆ ಸ್ಥಳ ಕೊಟ್ಟವರು ಮಿಂಚಂಚೆಗೂ ಸ್ಥಳ ಕೊಡಲು ಹೊರಡಬಾರದು. ಮನೆಯ ವಿಳಾಸಗಳಿಂದ ಹೊರಟ ಅಂಚೆಯನ್ನು ದೊಡ್ಡ ಅಂಚೆಸೇವೆಗಳು ಕಸವೆಂದು ತಳ್ಳುವುದೇ ಹೆಚ್ಚು. ಪುಟವೊಂದು ಒಂದು ಗಂಟೆ ಕಾಣದಿದ್ದರೆ ಓದುಗ ಮರಳಿ ಬರುತ್ತಾನೆ. ತಲುಪದ ಕಾಗದದ ಸುದ್ದಿಯೇ ಎಷ್ಟೋ ವೇಳೆ ಬರೆದವನಿಗೆ ತಿಳಿಯದು.

೬. ಪ್ರತಿಗಳು

ಈಗ ಪ್ರಕೃತ ವಿಷಯದ ಹೃದಯಕ್ಕೆ ಬಂದಿದ್ದೇವೆ. ಹಳಗನ್ನಡ ಕಾವ್ಯಗಳು ನಮಗೆ ದೊರೆತಿರುವುದು ಕವಿಯ ಕೈಯ ಓಲೆಗಳಿಂದಲ್ಲ. ಬೇರೆಬೇರೆ ಊರುಗಳಲ್ಲಿ ಲಿಪಿಕಾರರು ಬರೆದಿಟ್ಟ ಪ್ರತಿಗಳಿಂದ. ಒಂದು ಮನೆಯ ಓಲೆಗೆ ಗೆದ್ದಲು ಹತ್ತಿದರೆ ಮತ್ತೊಂದು ಊರಿನ ಅಟ್ಟದಲ್ಲಿ ಅದರ ಪ್ರತಿ ಉಳಿದಿತ್ತು. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಏಕೈಕ ಪ್ರತಿಯ ಭಯವನ್ನು ವಿವರಿಸಬೇಕಾಗಿಲ್ಲ. ಸರ್ವರಿನ ವಿಷಯದಲ್ಲಿಯೂ ನ್ಯಾಯ ಅದೇ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಸರ್ವರುಗಳಲ್ಲಿ ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೆ ಮತ್ತೊಂದು ನಡೆಸುವಂತೆ ಏರ್ಪಡಿಸುತ್ತಾರೆ. ‘ರೇಡ್’ ಎಂಬ ಈ ಪದ್ಧತಿಯನ್ನು ೧೯೮೮ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು ಪ್ರಬಂಧವೊಂದರಲ್ಲಿ ನಿರೂಪಿಸಿದರು. ಪದ್ಧತಿ ಉಪಯುಕ್ತವೇ. ಆದರೆ ಇದು ಪ್ರತಿಯಲ್ಲ, ಕನ್ನಡಿ. ಎದುರಿನಲ್ಲಿ ಅಳಿಸಿದುದು ಕನ್ನಡಿಯಲ್ಲಿಯೂ ಆ ಕ್ಷಣವೇ ಅಳಿಯುತ್ತದೆ. ಡಿಸ್ಕಿನ ಕೇಡಿನಿಂದ ಇದು ಕಾಯಬಲ್ಲದು. ಮನುಷ್ಯನ ಕೈತಪ್ಪಿನಿಂದ, ಕಳ್ಳನಿಂದ, ಬೆಂಕಿಯಿಂದ ಕಾಯಲಾರದು.

ಇದಕ್ಕೆ ಪ್ರಸಿದ್ಧವಾದ ಸೂತ್ರವೊಂದಿದೆ. ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ ಈ ಸೂತ್ರದಲ್ಲಿ ಮೂರನೆಯ ಭಾಗವನ್ನೇ ಮನೆಯವರು ಕಡೆಗಣಿಸುತ್ತಾರೆ. ಪಕ್ಕದ ಕೋಣೆಯ ಪ್ರತಿ ಬೇರೆ ಸ್ಥಳದ್ದಲ್ಲ. ಒಂದು ಟೆರಾಬೈಟ್ ಬರಹವನ್ನು ಸೆಕೆಂಡಿಗೆ ೨೦ ಮೆಗಾಬಿಟ್ ವೇಗದಲ್ಲಿ ಹೊರಗೆ ಕಳುಹಿಸಲು ೧೧೧ ಗಂಟೆ, ಎಂದರೆ ನಾಲ್ಕೂವರೆ ದಿನಗಳಿಗೂ ಮಿಕ್ಕು ಕಾಲ ಹಿಡಿಯುತ್ತದೆ. ಆದುದರಿಂದ ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ, ಬೀಗಮುದ್ರೆಯೊಡನೆ ಬೇರೂರಿನ ಬಂಧುವಿನ ಮನೆಗೆ ಒಯ್ದಿಟ್ಟು, ಅನಂತರದ ಬದಲಾವಣೆಗಳನ್ನಷ್ಟೇ ರಾತ್ರಿಯ ಹೊತ್ತು ಕಳುಹಿಸುವುದು ಜಾಣತನ.

ಪ್ರತಿ ಮಾಡುವುದರಿಂದಲೇ ಕಾರ್ಯ ಮುಗಿಯಲಿಲ್ಲ. ಆ ಪ್ರತಿಯಿಂದ ಮೂಲವನ್ನು ಮರಳಿ ಪಡೆಯಬಹುದೇ ಎಂಬುದನ್ನು ಪರೀಕ್ಷಿಸಬೇಕು. ೨೦೧೭ರ ಜನವರಿ ೩೧ರಂದು ‘ಗಿಟ್‌ಲ್ಯಾಬ್’ ಸಂಸ್ಥೆಯ ನೌಕರನೊಬ್ಬನು ತಡರಾತ್ರಿಯ ದಣಿವಿನಲ್ಲಿ, ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ಮುಖ್ಯ ಯಂತ್ರದಲ್ಲಿ ಅಳಿಸಿದನು. ರಕ್ಷಣೆಗೆಂದು ಆ ಸಂಸ್ಥೆ ಐದು ವಿಧಾನಗಳನ್ನು ಇಟ್ಟುಕೊಂಡಿತ್ತು. ಬೇಕಾದ ಹೊತ್ತಿಗೆ ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಪ್ರಯೋಗಕ್ಕೆಂದು ಆರು ಗಂಟೆಗಳ ಹಿಂದೆ ಯಾರೋ ತೆಗೆದಿಟ್ಟಿದ್ದ ಪ್ರತಿಯಿಂದ ಬಹುಭಾಗ ಉಳಿಯಿತು. ಆ ಆರು ಗಂಟೆಗಳ ದತ್ತಾಂಶ ಹೋಯಿತು. ಆ ಸಂಸ್ಥೆ ನಡೆದುದನ್ನು ಮುಚ್ಚಿಡದೆ ಲೋಕಕ್ಕೆ ಸಾರಿತೆಂಬುದು ಅದರ ಹಿರಿಮೆ. ನೂರಾರು ಜನ ಪರಿಣತರಿದ್ದ ಕಡೆಯೇ ಹೀಗಾದರೆ, ಮನೆಯಲ್ಲಿ ಒಬ್ಬನೇ ಇರುವವನು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಊಹಿಸಬಹುದು. ತಿಂಗಳಿಗೊಮ್ಮೆಯಾದರೂ ಒಂದು ತಾಣವನ್ನು ಪ್ರತಿಯಿಂದಲೇ ಹೊಸದಾಗಿ ಕಟ್ಟಿ ನೋಡಬೇಕು. ತೆರೆದು ನೋಡದ ಕಣಜದಲ್ಲಿ ಕಾಳಿದೆಯೋ ಹೊಟ್ಟಿದೆಯೋ ಬಲ್ಲವರಾರು?

೭. ರಕ್ಷಣೆ ಮತ್ತು ಕಾನೂನು

ಸಾರ್ವಜನಿಕ ವಿಳಾಸವುಳ್ಳ ಯಂತ್ರವನ್ನು ಜಾಲಕ್ಕೆ ಸೇರಿಸಿದ ಕೆಲವೇ ಹೊತ್ತಿನಲ್ಲಿ ಅಪರಿಚಿತ ಯಂತ್ರಗಳು ಅದರ ಬಾಗಿಲು ತಟ್ಟಿ ನೋಡತೊಡಗುತ್ತವೆ. ಇದರಲ್ಲಿ ವೈಯಕ್ತಿಕ ದ್ವೇಷವೇನೂ ಇಲ್ಲ; ಬೀಗವಿಲ್ಲದ ಮನೆಯನ್ನು ಹುಡುಕುತ್ತ ಬೀದಿಯುದ್ದಕ್ಕೂ ಪ್ರತಿಯೊಂದು ಕದವನ್ನೂ ಅಲುಗಿಸಿ ಹೋಗುವ ಕಳ್ಳನ ರೀತಿ ಇದು. ಗುಪ್ತಪದಕ್ಕೆ ಬದಲಾಗಿ ಕೀಲಿಕಡತದಿಂದ ಪ್ರವೇಶ, ಬೇಡದ ಬಾಗಿಲುಗಳ ಮುಚ್ಚುವಿಕೆ, ತಂತ್ರಾಂಶದ ಸಕಾಲಿಕ ದುರಸ್ತಿ, ಈ ಮೂರು ಮುಖ್ಯ. ೨೦೧೪ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಎರಡು ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಅಸಂಖ್ಯ ಸರ್ವರುಗಳಲ್ಲಿ ಅಡಗಿತ್ತು. ಇಂಥ ಸುದ್ದಿ ಬಂದ ದಿನ ಸರ್ವರು ನಡೆಸುವವನು ಮದುವೆಯ ಮನೆಯಲ್ಲಿದ್ದರೂ ಎದ್ದು ಬರಬೇಕಾಗುತ್ತದೆ.

ತಾಣದ ದೃಢೀಕರಣಪತ್ರವೂ ನಿರಂತರ ಗಮನವನ್ನು ಬೇಡುತ್ತದೆ. ೨೦೧೫ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಇದನ್ನು ಉಚಿತವಾಗಿ ಕೊಡತೊಡಗಿದ್ದು ಸಣ್ಣವರಿಗೆ ದೊಡ್ಡ ಉಪಕಾರವಾಯಿತು. ಇಂಥ ಪತ್ರಗಳ ಗರಿಷ್ಠ ಅವಧಿಯನ್ನು ೨೦೨೯ರ ವೇಳೆಗೆ ೪೭ ದಿನಗಳಿಗೆ ಇಳಿಸಲು ೨೦೨೫ರಲ್ಲಿ ನಿರ್ಣಯವಾಗಿದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು. ಯಂತ್ರವೇ ಅದನ್ನು ಮಾಡುವಂತಿರಬೇಕು.

ಪರರ ಬರಹಕ್ಕೆ ಸ್ಥಳ ಕೊಟ್ಟವನನ್ನು ಕಾನೂನು ಕೇವಲ ಹವ್ಯಾಸಿಯೆಂದು ಕಾಣುವುದಿಲ್ಲ. ಭಾರತದ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೯ನೆಯ ಕಲಮು, ತಕ್ಕ ಎಚ್ಚರ ವಹಿಸಿದ ಮಧ್ಯವರ್ತಿಗೆ ಪರರು ಬರೆದುದರ ಹೊಣೆಯಿಂದ ರಕ್ಷಣೆ ನೀಡುತ್ತದೆ. ಎಚ್ಚರ ತಪ್ಪಿದರೆ ಆ ರಕ್ಷಣೆಯಿಲ್ಲ. ೨೦೨೨ರ ಏಪ್ರಿಲ್ ೨೮ರಂದು ‘ಸರ್ಟ್-ಇನ್’ ಸಂಸ್ಥೆ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಸೇವಾದಾರರು ನಿಗದಿತ ಬಗೆಯ ಸೈಬರ್ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಯಂತ್ರದ ದಾಖಲೆಗಳನ್ನು ೧೮೦ ದಿನ ಇಟ್ಟುಕೊಳ್ಳಬೇಕು. ಕೃತಕ ಸರ್ವರುಗಳನ್ನು ಬಾಡಿಗೆಗೆ ಕೊಡುವವರು ಗ್ರಾಹಕರ ವಿವರಗಳನ್ನು ಸೇವೆ ಮುಗಿದ ಮೇಲೆಯೂ ಐದು ವರ್ಷ ಕಾಪಾಡಬೇಕು. ಹಣ ಪಡೆದು ಸೇವೆ ನಡೆಸಲೆಳಸುವವರು ಇವನ್ನು ಬಲ್ಲವರಿಂದ ತಿಳಿದುಕೊಂಡೇ ಮುಂದುವರಿಯಬೇಕು.

೮. ಪೂರ್ವಪಕ್ಷ ಮತ್ತು ಸಮಾಧಾನ

ಇಷ್ಟು ತೊಡಕುಗಳಿರುವಾಗ ದೊಡ್ಡ ಸಂಸ್ಥೆಗೆ ಬಾಡಿಗೆ ಕೊಟ್ಟು ನಿಶ್ಚಿಂತೆಯಿಂದಿರಬಾರದೇಕೆ ಎಂಬ ಪೂರ್ವಪಕ್ಷ ಸಹಜವಾಗಿಯೇ ಏಳುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಆದರೆ ದೊಡ್ಡದೆಂದ ಮಾತ್ರಕ್ಕೆ ಶಾಶ್ವತವಲ್ಲ. ‘ಜಿಯೊಸಿಟೀಸ್’ ಎಂಬ ಸೇವೆ ೧೯೯೪ರಲ್ಲಿ ಆರಂಭವಾಗಿ, ಸಾಮಾನ್ಯ ಜನರ ಲಕ್ಷಾಂತರ ತಾಣಗಳಿಗೆ ಉಚಿತವಾಗಿ ಸ್ಥಳ ಕೊಟ್ಟಿತ್ತು. ೧೯೯೯ರಲ್ಲಿ ಯಾಹೂ ಸಂಸ್ಥೆ ಅದನ್ನು ಕೊಂಡಿತು. ೨೦೦೯ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ಸ್ವಯಂಸೇವಕರು ಹಗಲಿರುಳು ದುಡಿದು ನಕಲು ಮಾಡಿದಷ್ಟು ಉಳಿಯಿತು. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ‘ಓ.ವಿ.ಎಚ್.’ ಸಂಸ್ಥೆಯ ಸರ್ವರು ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಎಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳುತ್ತದೆಯೆಂದು ನಂಬಿದ್ದವರಲ್ಲಿ ಅನೇಕರು ತಮ್ಮ ಬರಹವನ್ನು ಕಳೆದುಕೊಂಡರು.

ಹಾಗೆಂದು ಮನೆಯೇ ಮೇಲೆಂಬ ತೀರ್ಮಾನಕ್ಕೂ ಬರಲಾಗದು. ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಡೆಯುವ ಸೇವೆ ೮೭ ಗಂಟೆಗೂ ಹೆಚ್ಚು ಕಾಲ ನಿಂತಿರುತ್ತದೆ. ೯೯.೯ ಪಾಲೆಂದರೆ ಎಂಟೂಮುಕ್ಕಾಲು ಗಂಟೆ, ೯೯.೯೯ ಪಾಲೆಂದರೆ ೫೩ ನಿಮಿಷಕ್ಕೂ ಕಡಿಮೆ. ಒಂದು ಸಂಪರ್ಕ, ಒಂದು ಮೀಟರು, ಒಬ್ಬ ಮನುಷ್ಯ ಇರುವ ಮನೆಯಲ್ಲಿ ಮೊದಲನೆಯದನ್ನು ಸಾಧಿಸುವುದೇ ಪ್ರಯಾಸ, ಕೊನೆಯದು ಅಸಾಧ್ಯ. ಆಸ್ಪತ್ರೆಯ, ಹಣಕಾಸಿನ, ಪರೀಕ್ಷಾಫಲಿತಾಂಶದ ತಾಣಗಳನ್ನು ಮನೆಯಲ್ಲಿಡುವುದು ಅಪರಾಧಕ್ಕೆ ಸಮಾನ. ಊರಿನ ಇತಿಹಾಸದ ಲೇಖನಗಳು, ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳು, ಸಣ್ಣ ಪ್ರಕಾಶನದ ಪುಸ್ತಕಪಟ್ಟಿ ಇಂಥವು ಒಂದು ಸಂಜೆ ಕಾಣದಿದ್ದರೆ ಪ್ರಮಾದವಿಲ್ಲ. ಶಾಶ್ವತವಾಗಿ ಅಳಿದರೆ ಮಾತ್ರ ತುಂಬಲಾಗದ ನಷ್ಟ. ಹೀಗೆ ನಿಲ್ಲದಿರುವುದು ಒಂದು ಗುಣ, ಅಳಿಯದಿರುವುದು ಮತ್ತೊಂದು ಗುಣ. ಮೊದಲನೆಯದಕ್ಕೆ ಬಂಡವಾಳ ಬೇಕು. ಎರಡನೆಯದಕ್ಕೆ ಶ್ರದ್ಧೆ ಸಾಕು. ಮನೆಯ ಸೇವೆ ಮೊದಲನೆಯದರಲ್ಲಿ ಸೋಲುತ್ತದೆ. ಎರಡನೆಯದರಲ್ಲಿ ಯಾವ ದೊಡ್ಡ ಸಂಸ್ಥೆಗೂ ಅದು ಸೋಲಬೇಕಾಗಿಲ್ಲ.

೯. ಉಪಸಂಹಾರ

ಕೊನೆಯದಾಗಿ, ಯಂತ್ರಕ್ಕಿಂತ ಮೊದಲು ನಿಲ್ಲಬಹುದಾದುದು ಮನುಷ್ಯನೇ ಎಂಬುದನ್ನು ಮರೆಯಬಾರದು. ನಡೆಸುವವನು ಕಾಯಿಲೆ ಬಿದ್ದರೆ, ಊರು ಬಿಟ್ಟರೆ, ಕಾಲವಶನಾದರೆ ಗುಪ್ತಪದಗಳು ಯಾರ ಬಳಿ ಇವೆ? ಯಾವ ಯಂತ್ರದಲ್ಲಿ ಯಾರ ಬ್ರಹವಿದೆಯೆಂಬ ಪಟ್ಟಿ ಎಲ್ಲಿದೆ? ಮನೆಯವರು ಆ ರ‍್ಯಾಕನ್ನು ಏನೆಂದು ತಿಳಿದಾರು? ವಿದ್ಯುತ್ತು ತಿನ್ನುವ ಕಬ್ಬಿಣವೆಂದು ಗುಜರಿಗೆ ಹಾಕಿದರೆ ಅವರನ್ನು ದೂರುವಂತಿಲ್ಲ. ಆದಕಾರಣ ಕೆಲವು ನಿಯಮಗಳನ್ನು ಆರಂಭದಲ್ಲಿಯೇ ಪಾಲಿಸಬೇಕು. ಡೊಮೇನ್ ಹೆಸರು ಸೇವೆ ನಡೆಸುವವನ ಹೆಸರಿನಲ್ಲಿರದೆ ಬರಹದ ಒಡೆಯರ ಹೆಸರಿನಲ್ಲಿಯೇ ಇರಬೇಕು. ಅವರು ಯಾವಾಗ ಕೇಳಿದರೂ ತಮ್ಮ ಬರಹವನ್ನು ಪೂರ್ತಿಯಾಗಿ ಕೊಂಡೊಯ್ಯುವಂತಿರಬೇಕು. ಇಡೀ ವ್ಯವಸ್ಥೆಯ ವಿವರವನ್ನು ಕಾಗದದ ಮೇಲೆ ಬರೆದು, ಮುದ್ರೆಯ ಲಕೋಟೆಯಲ್ಲಿ ನಂಬಿಕಸ್ಥನೊಬ್ಬನ ವಶಕ್ಕೆ ಕೊಡಬೇಕು. ಸೇವೆಯ ಮಿತಿಗಳನ್ನು, ಎಂದರೆ ಕರೆಂಟು ಹೋದರೆ ಎಷ್ಟು ಹೊತ್ತು ನಡೆಯುತ್ತದೆ, ಪ್ರತಿಗಳು ಎಲ್ಲಿವೆ, ನಿಲ್ಲಿಸುವುದಾದರೆ ಎಷ್ಟು ತಿಂಗಳ ಮುಂಚೆ ತಿಳಿಸಲಾಗುವುದು ಎಂಬುದನ್ನು, ಮೊದಲ ದಿನವೇ ಬರೆದು ಕೊಡಬೇಕು. ಕಡಿಮೆ ಮಾತು ಕೊಟ್ಟು ಅದನ್ನು ಪೂರ್ತಿ ನಡೆಸುವುದು ಸಣ್ಣ ಸೇವೆಯ ಧರ್ಮ.

ಜಿನೀವಾದ ಆ ಯಂತ್ರದ ಮೇಲಿದ್ದ ಕೆಂಪು ಶಾಯಿಯ ಚೀಟಿ, ದಾರಿಹೋಕರು ಗುಂಡಿಯೊತ್ತದಂತೆ ಬರೆದುದು. ಮನೆಯ ರ‍್ಯಾಕಿನ ಮೇಲೆ ಅಂಥ ಚೀಟಿಯನ್ನು ಅಂಟಿಸುವವರು ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸುವುದೊಳಿತು: ಈ ಯಂತ್ರವನ್ನು ಆರಿಸಲೇಬೇಕಾಗಿ ಬಂದರೆ ಮೊದಲು ಯಾರಿಗೆ ತಿಳಿಸಬೇಕು, ಇದರೊಳಗಿನ ಬರಹದ ಪ್ರತಿ ಯಾವ ಊರಿನಲ್ಲಿದೆ ಎಂಬುದು. ಆ ಸಾಲನ್ನು ಸತ್ಯವಾಗಿ ಬರೆಯಬಲ್ಲವರು ಪರರ ಬರಹವನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳಲು ಯೋಗ್ಯರು. ಅದನ್ನು ಬರೆಯಲಾಗದವರು, ಬರೆಯಬಲ್ಲವರಾಗುವ ತನಕ, ತಮ್ಮ ಬರಹವನ್ನಷ್ಟೇ ಇಟ್ಟುಕೊಂಡು ಅಭ್ಯಾಸ ಮಾಡುವುದು ಉಚಿತವೆಂದು ತೋರುತ್ತದೆ.